ಎಚ್‌ಟಿಎಂಎಲ್ ಸ್ಟ್ರಿಂಗ್ ಕೊಟ್ಟರೂ ಸರಿಯಾದ ನೋಡ್ ಸಿಗದಿದ್ದಾಗ ಎಲ್ಲಿ ಹುಡುಕಬೇಕು

ಸರ್ವರ್‌ನಿಂದ ಒಂದು ಎಚ್‌ಟಿಎಂಎಲ್ ತುಣುಕು ಸ್ಟ್ರಿಂಗ್ ಆಗಿ ಬರುತ್ತದೆ. ಅದನ್ನು ಜಾವಾಸ್ಕ್ರಿಪ್ಟ್‌ನಲ್ಲಿ ಡಾಮ್ ಮರವಾಗಿ (ಬ್ರೌಸರ್ ಪುಟವನ್ನು ನೋಡ್‌ಗಳಾಗಿ ಇಟ್ಟುಕೊಳ್ಳುವ ರೂಪ) ಮಾಡಿ, ಎರಡು ಕ್ಲಾಸ್ ಬದಲಿಸಿ, ಒಂದು ಲಿಂಕ್ ಕಿತ್ತು ಪುಟಕ್ಕೆ ಸೇರಿಸಬೇಕು. ಕೋಡ್ ಅಂದರೆ ನಾಲ್ಕೈದು ಸಾಲು, ಅಷ್ಟೇ. ಓಡಿಸಿ ನೋಡಿದರೆ ಕನ್ಸೋಲ್‌ನಲ್ಲಿ ಎರರ್ ಇಲ್ಲ, ಪುಟದಲ್ಲಿ ಬೇಕಾದದ್ದೂ ಇಲ್ಲ.

ಎರರ್ ಯಾಕೆ ಬರಲಿಲ್ಲ ಅಂತ ಮೊದಲು ತಿಳಿದುಕೊಳ್ಳಿ. ಎಚ್‌ಟಿಎಂಎಲ್ ಪಾರ್ಸರ್, ಅಂದರೆ ಸ್ಟ್ರಿಂಗ್ ಓದಿ ಮರ ಕಟ್ಟುವ ಭಾಗ, ಯಾವ ಸ್ಟ್ರಿಂಗನ್ನೂ ಬೇಡ ಅನ್ನುವುದಿಲ್ಲ. ಎಂಥ ಹರುಕು ಮುರುಕು ಟ್ಯಾಗ್ ಕೊಟ್ಟರೂ ಅದಕ್ಕೆ ಯಾವ ಮರ ಕಟ್ಟಬೇಕು ಅಂತ ಸ್ಟ್ಯಾಂಡರ್ಡ್‌ನಲ್ಲೇ ಬರೆದಿದೆ. ಬ್ರೌಸರ್ ಸುಮ್ನೆ ಅದರಂತೆ ಕಟ್ಟಿ ಕೊಡುತ್ತದೆ. ಹಾಗಾಗಿ ಪಾರ್ಸ್ ಮಾಡುವ ಸಾಲಿಗೆ ಟ್ರೈ-ಕ್ಯಾಚ್ ಸುತ್ತಿದರೆ ಏನೂ ಸಿಕ್ಕುವುದಿಲ್ಲ. ಕೇಳಬೇಕಾದ ಪ್ರಶ್ನೆ ಮೂರು. ಕೈಗೆ ಬಂದ ಸ್ಟ್ರಿಂಗ್ ನಿಜವಾಗಿ ಯಾವುದು? ಪಾರ್ಸರ್ ಅದನ್ನು ಯಾವ ಟ್ಯಾಗ್‌ನ ಒಳಗಿದೆ ಅಂದುಕೊಂಡು ಓದಿತು? ಹುಟ್ಟಿದ ನೋಡ್ ಈಗ ಯಾವ ಡಾಕ್ಯುಮೆಂಟ್‌ನಲ್ಲಿ ಕೂತಿದೆ? ನನ್ನ ಪ್ರಕಾರ ಜಾಸ್ತಿ ಕಾಟ ಕೊಡುವುದು ಎರಡನೆಯದು. ಆದರೂ ಶುರು ಮಾಡಬೇಕಾದದ್ದು ಮೊದಲನೆಯದರಿಂದಲೇ.

ಸ್ಟ್ರಿಂಗ್‌ನ ಮೊದಲ ಅಕ್ಷರ ನೋಡಿ

ಕನ್ಸೋಲ್‌ನಲ್ಲಿ ಸ್ಟ್ರಿಂಗನ್ನು ಹಾಗೇ ಪ್ರಿಂಟ್ ಮಾಡಿದರೆ ಕಣ್ಣಿಗೆ ಎಲ್ಲ ಸರಿಯಾಗಿಯೇ ಕಾಣುತ್ತದೆ. ಅದರ ಬದಲು ಮೊದಲ ಅಕ್ಷರದ ಸಂಖ್ಯೆ ಕೇಳಿ. ಚಾರ್‌ಕೋಡ್‌ಅಟ್‌ಗೆ ಸೊನ್ನೆ ಕೊಟ್ಟರೆ ಸಾಕು.

60 ಬಂದರೆ ಅದು ಟ್ಯಾಗ್ ತೆರೆಯುವ ಚಿಹ್ನೆ. ಇಲ್ಲಿ ತೊಂದರೆ ಇಲ್ಲ, ಮುಂದೆ ಹೋಗಿ. 10 ಅಥವಾ 32 ಬಂದರೆ ಮುಂದೆ ಹೊಸ ಸಾಲೋ ಖಾಲಿ ಜಾಗವೋ ಇದೆ. ಇದು ಮುಂದೆ ಫಸ್ಟ್‌ಚೈಲ್ಡ್ ಕೇಳುವಾಗ ಕೈ ಕೊಡುತ್ತದೆ. 34 ಬಂದರೆ ಅದು ಜೋಡಿ ಉದ್ಧರಣ ಚಿಹ್ನೆ, ಅಂದರೆ ಜೇಸನ್ ಆಗಿ ಕಟ್ಟಿದ ಸ್ಟ್ರಿಂಗನ್ನು ಬಿಚ್ಚದೆ ಹಾಗೇ ತಂದಿದ್ದೀರಿ. 91 ಬಂದರೆ ಚೌಕ ಆವರಣ. ಪೂರ್ತಿ ಓದಿ ನೋಡಿ, ಅಲ್ಲಿ 'ಆಬ್ಜೆಕ್ಟ್ ಪ್ರಾಮಿಸ್' ಅಂತ ಇದ್ದರೆ ಫೆಚ್‌ನ (ಸರ್ವರ್‌ನಿಂದ ತರುವ ಫಂಕ್ಷನ್) ಟೆಕ್ಸ್ಟ್ ಮೆಥಡ್ ಕರೆದು ಅವೇಟ್ ಹಾಕುವುದು ಬಿಟ್ಟುಹೋಗಿದೆ. 65279 ಬಂದರೆ ಫೈಲ್‌ನ ತಲೆಯಲ್ಲಿ ಬಾಮ್ (ಎನ್‌ಕೋಡಿಂಗ್ ಗುರುತಿಗೆ ಇಡುವ ಅಕ್ಷರ) ಇದೆ. ಇದು ಕಣ್ಣಿಗೂ ಕಾಣುವುದಿಲ್ಲ, ಜೇಸನ್ ಸ್ಟ್ರಿಂಗಿಫೈ ಮಾಡಿದರೂ ಬಯಲಾಗುವುದಿಲ್ಲ. ಅದಕ್ಕೇ ಸಂಖ್ಯೆ ಕೇಳಿ ಅಂದಿದ್ದು.

38 ಬಂದರೆ ಸ್ವಲ್ಪ ನಿಲ್ಲಿ. ಅದು ಆಂಪರ್ಸ್ಯಾಂಡ್. ಬಹುಶಃ ಸರ್ವರ್ ಕಡೆ ಇಡೀ ತುಣುಕನ್ನು ಎಸ್ಕೇಪ್ ಮಾಡಿ, ಅಂದರೆ ಟ್ಯಾಗ್ ಚಿಹ್ನೆಗಳನ್ನು ಬರಿ ಪಠ್ಯವಾಗಿಸಿ, ಕಳಿಸಿದ್ದಾರೆ. ಪಾರ್ಸ್ ಮಾಡಿದರೆ ಮರವಲ್ಲ, ಒಂದೇ ಒಂದು ಟೆಕ್ಸ್ಟ್ ನೋಡ್ ಸಿಗುತ್ತದೆ. ಪುಟದಲ್ಲಿ ಟ್ಯಾಗ್‌ಗಳು ಅಕ್ಷರಗಳಾಗಿಯೇ ಕಾಣುತ್ತವೆ. ಒಮ್ಮೆ ಪಾರ್ಸ್ ಮಾಡಿ, ಬಂದ ಪಠ್ಯವನ್ನು ಮತ್ತೊಮ್ಮೆ ಪಾರ್ಸ್ ಮಾಡಿದರೆ ಕೆಲಸ ಆಗುತ್ತದೆ, ನಿಜ. ಆದರೆ ಹಾಗೆ ಮಾಡಬೇಡಿ. ಬಳಕೆದಾರರು ಟೈಪ್ ಮಾಡಿದ ಭಾಗವನ್ನು ಬೇಕೆಂದೇ ಎಸ್ಕೇಪ್ ಮಾಡಿರಬಹುದು. ನೀವು ಅದನ್ನೂ ಬಿಚ್ಚಿ ಟ್ಯಾಗ್ ಮಾಡಿಬಿಡುತ್ತೀರಿ. ಸರ್ವರ್‌ನಲ್ಲಿ ಎಲ್ಲಿ ಇಡೀ ತುಣುಕು ಎಸ್ಕೇಪ್ ಆಗುತ್ತಿದೆ ಅಂತ ಹುಡುಕಿ ಅಲ್ಲೇ ಸರಿ ಮಾಡಿ.

ಅಕ್ಷರಗಳೇ ಕೆಟ್ಟು ಚೌಕ, ಪ್ರಶ್ನೆ ಚಿಹ್ನೆ ಬರುತ್ತಿದ್ದರೆ ಅದು ಡಾಮ್‌ಪಾರ್ಸರ್‌ನ (ಸ್ಟ್ರಿಂಗ್‌ನಿಂದ ಡಾಕ್ಯುಮೆಂಟ್ ಕಟ್ಟುವ ಬ್ರೌಸರ್ ಆಬ್ಜೆಕ್ಟ್) ತಪ್ಪಲ್ಲ. ಅದಕ್ಕೆ ಬರುವ ಹೊತ್ತಿಗೆ ಸ್ಟ್ರಿಂಗ್ ಡಿಕೋಡ್ ಆಗಿ ಮುಗಿದಿರುತ್ತದೆ. ಒಳಗಿರುವ ಮೆಟಾ ಚಾರ್‌ಸೆಟ್ ಟ್ಯಾಗ್‌ನಿಂದ ಆಮೇಲೆ ಏನೂ ಬದಲಾಗುವುದಿಲ್ಲ. ಫೆಚ್‌ನ ಟೆಕ್ಸ್ಟ್ ಮೆಥಡ್ ಯಾವಾಗಲೂ ಯುಟಿಎಫ್-8 ಅಂತಲೇ ಓದುತ್ತದೆ. ಮೂಲ ಪುಟ ಬೇರೆ ಎನ್‌ಕೋಡಿಂಗ್‌ನಲ್ಲಿದ್ದರೆ ಅರೇಬಫರ್ ಆಗಿ ತಂದು ಟೆಕ್ಸ್ಟ್‌ಡಿಕೋಡರ್‌ಗೆ ಸರಿಯಾದ ಹೆಸರು ಕೊಟ್ಟು ಬಿಡಿಸಿ.

ಸ್ಟ್ರಿಂಗ್ ಸರಿಯಿದೆ, ಆದರೆ ಟ್ಯಾಗ್‌ಗಳೇ ಮಾಯ

ಒಂದು ಚಿಕ್ಕ ಉದಾಹರಣೆ ತೆಗೆದುಕೊಳ್ಳೋಣ. ಸ್ಟ್ರಿಂಗ್‌ನಲ್ಲಿ ಒಂದು ಟಿಆರ್, ಅದರೊಳಗೆ ಎರಡು ಟಿಡಿ. ಮೊದಲನೆಯದರಲ್ಲಿ 'ಪೆನ್ಸಿಲ್', ಎರಡನೆಯದರಲ್ಲಿ '12'. ಒಂದು ಹೊಸ ಡಿವ್ ಮಾಡಿ ಅದರ ಇನ್ನರ್‌ಎಚ್‌ಟಿಎಂಎಲ್‌ಗೆ ಈ ಸ್ಟ್ರಿಂಗ್ ಕೊಡಿ. ಆಮೇಲೆ ಅದೇ ಇನ್ನರ್‌ಎಚ್‌ಟಿಎಂಎಲ್ ಓದಿ. ಸಿಗುವುದು 'ಪೆನ್ಸಿಲ್12'. ಸಾಲೂ ಇಲ್ಲ, ಸೆಲ್ಲೂ ಇಲ್ಲ, ಎರಡು ಪಠ್ಯ ಅಂಟಿಕೊಂಡು ಒಂದಾಗಿವೆ.

ಕಾರಣ ಇಷ್ಟೇ. ಇನ್ನರ್‌ಎಚ್‌ಟಿಎಂಎಲ್ ಪಾರ್ಸ್ ಮಾಡುವಾಗ ಯಾವ ಎಲಿಮೆಂಟ್‌ಗೆ ಕೊಟ್ಟಿರೋ ಅದರ ಒಳಗಿದ್ದೇನೆ ಅಂತ ಪಾರ್ಸರ್ ಭಾವಿಸುತ್ತದೆ. ಡಿವ್ ಒಳಗೆ ಟಿಆರ್ ಬರುವ ಹಾಗಿಲ್ಲ. ಆ ಟ್ಯಾಗನ್ನು ಬಿಟ್ಟು ಪಠ್ಯವನ್ನು ಮಾತ್ರ ಉಳಿಸಿಕೊಳ್ಳುತ್ತದೆ. ಟಿಡಿ, ಟಿಎಚ್, ಟಿಬಾಡಿ, ಟಿಹೆಡ್, ಟಿಫುಟ್, ಕ್ಯಾಪ್ಷನ್, ಕಾಲ್, ಕಾಲ್‌ಗ್ರೂಪ್ ಎಲ್ಲಕ್ಕೂ ಇದೇ ಗತಿ. ಅದೇ ಸ್ಟ್ರಿಂಗನ್ನು ಒಂದು ಟಿಬಾಡಿ ಎಲಿಮೆಂಟ್‌ಗೆ ಕೊಟ್ಟು ನೋಡಿ, ಸರಿಯಾಗಿ ಬರುತ್ತದೆ. ಆದರೆ ಬರುವ ತುಣುಕು ಯಾವುದು ಅಂತ ಮೊದಲೇ ಗೊತ್ತಿರುವುದಿಲ್ಲ ಅಲ್ವಾ? ಅದಕ್ಕೇ ಟೆಂಪ್ಲೇಟ್ ಎಲಿಮೆಂಟ್ ಇರುವುದು. ಅದರ ಒಳಗೆ ಓದುವಾಗ ಪಾರ್ಸರ್ ಮೊದಲ ಟ್ಯಾಗ್ ನೋಡಿ ತನ್ನ ಲೆಕ್ಕ ಬದಲಿಸಿಕೊಳ್ಳುತ್ತದೆ. ಟಿಆರ್ ಬಂದರೆ ಟೇಬಲ್ ಒಳಗಿದ್ದೇನೆ ಅಂದುಕೊಳ್ಳುತ್ತದೆ. ಟೆಂಪ್ಲೇಟ್‌ನ ಇನ್ನರ್‌ಎಚ್‌ಟಿಎಂಎಲ್‌ಗೆ ಸ್ಟ್ರಿಂಗ್ ಕೊಟ್ಟು, ಅದರ ಕಂಟೆಂಟ್ ಪ್ರಾಪರ್ಟಿಯಿಂದ ಮರ ತೆಗೆದುಕೊಳ್ಳಿ. ಮಕ್ಕಳು ಟೆಂಪ್ಲೇಟ್‌ಗೆ ನೇರವಾಗಿ ಸೇರಿರುವುದಿಲ್ಲ. ಅದರ ಚಿಲ್ಡ್ರನ್ ಕೇಳಿ ಖಾಲಿ ಬಂತು ಅಂತ ಗಾಬರಿ ಬೀಳುವವರು ತುಂಬಾ ಜನ.

ಇನ್ನು ಡಾಮ್‌ಪಾರ್ಸರ್. ಇದು ತುಣುಕಿಗಲ್ಲ, ಇಡೀ ಪುಟಕ್ಕೆ ಅಂತ ಇರುವುದು. ಏನೇ ಕೊಟ್ಟರೂ ಎಚ್‌ಟಿಎಂಎಲ್, ಹೆಡ್, ಬಾಡಿ ಮೂರನ್ನೂ ತಾನೇ ಕಟ್ಟುತ್ತದೆ. ಮೇಲಿನ ಟಿಆರ್ ಸ್ಟ್ರಿಂಗ್ ಕೊಟ್ಟರೆ ಇಲ್ಲಿಯೂ 'ಪೆನ್ಸಿಲ್12' ಬಾಡಿಯಲ್ಲಿ ಬಂದು ಕೂರುತ್ತದೆ. ಇನ್ನೊಂದು ಮೋಸ ಇದೆ. ನಿಮ್ಮ ತುಣುಕು ಒಂದು ಸ್ಟೈಲ್ ಟ್ಯಾಗ್‌ನಿಂದ ಶುರುವಾಗಿ ಆಮೇಲೆ ಡಿವ್ ಬಂದರೆ, ಸ್ಟೈಲ್ ಹೆಡ್‌ಗೆ ಹೋಗುತ್ತದೆ, ಡಿವ್ ಮಾತ್ರ ಬಾಡಿಗೆ. ನೀವು ಬಾಡಿಯ ಮಕ್ಕಳನ್ನಷ್ಟೇ ಎತ್ತಿಕೊಂಡು ಬಂದರೆ ವಿನ್ಯಾಸ ಹಾರಿಹೋಗುತ್ತದೆ. ಮೊದಲಲ್ಲಿ ಬರುವ ಸ್ಕ್ರಿಪ್ಟ್, ಲಿಂಕ್, ಮೆಟಾ, ಟೈಟಲ್ ಎಲ್ಲದಕ್ಕೂ ಹೀಗೇ. ಮೊದಲಲ್ಲಿ ಕಾಮೆಂಟ್ ಇದ್ದರಂತೂ ಅದು ಎಚ್‌ಟಿಎಂಎಲ್ ಎಲಿಮೆಂಟ್‌ಗಿಂತ ಹೊರಗೆ, ಡಾಕ್ಯುಮೆಂಟ್‌ನ ನೇರ ಮಗುವಾಗಿ ನಿಲ್ಲುತ್ತದೆ. ಹಾಗಾಗಿ ಇಡೀ ಪುಟ ಆದರೆ ಡಾಮ್‌ಪಾರ್ಸರ್, ತುಣುಕಾದರೆ ಟೆಂಪ್ಲೇಟ್. ಇದೊಂದನ್ನು ಪಾಲಿಸಿದರೆ ಅರ್ಧ ತಲೆನೋವು ಕಡಿಮೆ.

ಟ್ಯಾಗ್ ಇದೆ, ಆದರೆ ಇರಬೇಕಾದ ಜಾಗದಲ್ಲಿಲ್ಲ

ಪಿ ಒಳಗೆ ಡಿವ್ ಇಟ್ಟು ಕೊಟ್ಟರೆ ಡಿವ್ ಶುರುವಾದ ಕೂಡಲೇ ಪಿ ಮುಚ್ಚಿಕೊಳ್ಳುತ್ತದೆ. ಕೊನೆಯಲ್ಲಿ ಉಳಿದ ಮುಚ್ಚುವ ಪಿ ಟ್ಯಾಗ್ ಒಂದು ಖಾಲಿ ಪಿ ಹುಟ್ಟಿಸುತ್ತದೆ. ಒಂದಿದ್ದದ್ದು ಮೂರು ಎಲಿಮೆಂಟ್ ಆಗಿ ಅಕ್ಕಪಕ್ಕ ನಿಲ್ಲುತ್ತವೆ. 'ಪಿ ಒಳಗಿನ ಡಿವ್' ಅಂತ ಸೆಲೆಕ್ಟರ್ ಬರೆದಿದ್ದರೆ ನಲ್ ಬರುತ್ತದೆ. ಟೇಬಲ್‌ನ ಸಾಲುಗಳ ನಡುವೆ ಡಿವ್ ಅಥವಾ ಬರಿ ಪಠ್ಯ ಇಟ್ಟರೆ ಅದು ಟೇಬಲ್‌ನಿಂದ ಹೊರಬಿದ್ದು ಟೇಬಲ್‌ಗಿಂತ ಮುಂಚೆ ಬಂದು ಕೂರುತ್ತದೆ. ಸಾಲುಗಳನ್ನು ಲೂಪ್‌ನಲ್ಲಿ ಜೋಡಿಸುವಾಗ ಅರೇಯನ್ನು ಹಾಗೇ ಸ್ಟ್ರಿಂಗ್‌ಗೆ ಸೇರಿಸಿ, ಟೇಬಲ್‌ನ ತಲೆಯ ಮೇಲೆ ಅಲ್ಪವಿರಾಮಗಳ ಸಾಲು ಕಂಡಿದ್ದರೆ ಕಾರಣ ಇದೇ. ಜಾಯಿನ್‌ಗೆ ಖಾಲಿ ಸ್ಟ್ರಿಂಗ್ ಕೊಟ್ಟರೆ ಹೋಗುತ್ತದೆ.

ಡಿವ್ ಟ್ಯಾಗನ್ನು ಕೊನೆಯಲ್ಲಿ ಓರೆಗೆರೆ ಹಾಕಿ ಅಲ್ಲೇ ಮುಚ್ಚಿದ್ದೇನೆ ಅಂದುಕೊಳ್ಳುವುದೂ ಉಂಟು. ಎಚ್‌ಟಿಎಂಎಲ್‌ನಲ್ಲಿ ಆ ಓರೆಗೆರೆಗೆ ಬೆಲೆಯಿಲ್ಲ. ಡಿವ್ ತೆರೆದೇ ಇರುತ್ತದೆ, ಮುಂದಿನದೆಲ್ಲ ಅದರ ಒಳಗೆ ಸೇರಿಕೊಳ್ಳುತ್ತದೆ. ಜೆಎಸ್‌ಎಕ್ಸ್ ಬರೆದು ಅಭ್ಯಾಸವಾದವರಿಗೆ ಇದು ಬೇಗ ಹೊಳೆಯುವುದಿಲ್ಲ.

ಸ್ವಲ್ಪ ವಿಚಿತ್ರವಾದದ್ದು ಇನ್ನೊಂದು. ಡಾಕ್‌ಟೈಪ್ ಇಲ್ಲದ ಸ್ಟ್ರಿಂಗನ್ನು ಡಾಮ್‌ಪಾರ್ಸರ್‌ಗೆ ಕೊಟ್ಟರೆ ಹುಟ್ಟುವ ಡಾಕ್ಯುಮೆಂಟ್ ಕ್ವಿರ್ಕ್ಸ್ ಮೋಡ್‌ನಲ್ಲಿರುತ್ತದೆ, ಅಂದರೆ ಹಳೆಯ ಬ್ರೌಸರ್‌ಗಳ ರೀತಿಯಲ್ಲಿ ನಡೆದುಕೊಳ್ಳುತ್ತದೆ. ಅದರ ಕಂಪ್ಯಾಟ್‌ಮೋಡ್ ಓದಿದರೆ 'ಬ್ಯಾಕ್‌ಕಂಪ್ಯಾಟ್' ಅಂತ ಬರುತ್ತದೆ. ಆ ಮೋಡ್‌ನಲ್ಲಿ ಪಿ ಒಳಗೆ ಟೇಬಲ್ ಉಳಿಯುತ್ತದೆ. ಮಾಮೂಲಿ ಪುಟದಲ್ಲಿ ಅದೇ ಸ್ಟ್ರಿಂಗನ್ನು ಇನ್ನರ್‌ಎಚ್‌ಟಿಎಂಎಲ್‌ಗೆ ಕೊಟ್ಟರೆ ಟೇಬಲ್ ಬಂದ ಕೂಡಲೇ ಪಿ ಮುಚ್ಚಿಕೊಳ್ಳುತ್ತದೆ. ಒಂದೇ ಸ್ಟ್ರಿಂಗ್, ಎರಡು ಮರ. ಕ್ವಿರ್ಕ್ಸ್‌ನಲ್ಲಿ ಕ್ಲಾಸ್, ಐಡಿ ಸೆಲೆಕ್ಟರ್‌ಗಳು ದೊಡ್ಡಕ್ಷರ ಸಣ್ಣಕ್ಷರ ಬೇರೆ ಮಾಡುವುದೂ ಇಲ್ಲ. ಟೆಸ್ಟ್‌ನಲ್ಲಿ ಸಿಕ್ಕ ಎಲಿಮೆಂಟ್ ಪುಟದಲ್ಲಿ ಸಿಗಲಿಲ್ಲ ಅಂದರೆ ಇದನ್ನೊಮ್ಮೆ ನೋಡಿ. ಸ್ಟ್ರಿಂಗ್‌ನ ಮುಂದೆ ಡಾಕ್‌ಟೈಪ್ ಸೇರಿಸಿದರೆ ಸಾಕು.

ಎಸ್‌ವಿಜಿ ಚಿತ್ರ ಮೂಡದಿದ್ದರೆ ಆ ಎಲಿಮೆಂಟ್‌ನ ನೇಮ್‌ಸ್ಪೇಸ್‌ಯುಆರ್‌ಐ ಓದಿ. ಸರ್ಕಲ್ ಟ್ಯಾಗ್ ಒಂದನ್ನೇ ಡಿವ್‌ಗೋ ಟೆಂಪ್ಲೇಟ್‌ಗೋ ಕೊಟ್ಟರೆ ಅದು ಎಸ್‌ವಿಜಿಯ ಸರ್ಕಲ್ ಆಗುವುದಿಲ್ಲ, ಸರ್ಕಲ್ ಅನ್ನುವ ಹೆಸರಿನ ಗುರುತಿಲ್ಲದ ಎಚ್‌ಟಿಎಂಎಲ್ ಎಲಿಮೆಂಟ್ ಆಗುತ್ತದೆ. ಇನ್‌ಸ್ಪೆಕ್ಟರ್‌ನಲ್ಲಿ ಎರಡೂ ಒಂದೇ ಥರ ಕಾಣುತ್ತವೆ. ತುಣುಕನ್ನು ಎಸ್‌ವಿಜಿ ಟ್ಯಾಗ್‌ನಲ್ಲಿ ಸುತ್ತಿ ಪಾರ್ಸ್ ಮಾಡಿ, ಆಮೇಲೆ ಒಳಗಿನದನ್ನು ತೆಗೆದುಕೊಳ್ಳಿ.

ಎಕ್ಸ್‌ಎಂಎಲ್ ಆದರೆ ಕಥೆ ಬೇರೆ

ಇಲ್ಲಿ ಪಾರ್ಸರ್ ಕಟ್ಟುನಿಟ್ಟು. ಆದರೂ ಡಾಮ್‌ಪಾರ್ಸರ್‌ನ ಪಾರ್ಸ್‌ಫ್ರಮ್‌ಸ್ಟ್ರಿಂಗ್ ಮೆಥಡ್ ಎಕ್ಸೆಪ್ಷನ್ ಎಸೆಯುವುದಿಲ್ಲ. ಅದು ಎಸೆಯುವುದು ಮುಖ್ಯವಾಗಿ ಎರಡನೆಯ ಆರ್ಗ್ಯುಮೆಂಟ್ ಒಪ್ಪಿದ ಐದು ಬಗೆಗಳಲ್ಲಿ ಒಂದಲ್ಲದಿದ್ದಾಗ. ಮಾರ್ಕಪ್ ತಪ್ಪಿದ್ದರೆ ಮರದೊಳಗೆ ಪಾರ್ಸರ್‌ಎರರ್ ಅನ್ನುವ ಎಲಿಮೆಂಟ್ ಇಟ್ಟು ಕೊಡುತ್ತದೆ. ಫೈರ್‌ಫಾಕ್ಸ್‌ನಲ್ಲಿ ಇಡೀ ಡಾಕ್ಯುಮೆಂಟ್ ಅದೇ ಆಗಿರುತ್ತದೆ. ಕ್ರೋಮ್‌ನಲ್ಲಿ ತಪ್ಪು ಸಿಗುವವರೆಗಿನ ಭಾಗವೂ ಉಳಿದು, ಅದರೊಳಗೆ ಈ ಎಲಿಮೆಂಟ್ ಇರುತ್ತದೆ. ಅದಕ್ಕೇ ರೂಟ್ ಎಲಿಮೆಂಟ್ ಹೆಸರು ನೋಡಿದರೆ ಸಾಲದು. ಕ್ವೆರಿಸೆಲೆಕ್ಟರ್‌ನಿಂದ ಪಾರ್ಸರ್‌ಎರರ್ ಹುಡುಕಿ. ಸಿಕ್ಕರೆ ಅದರ ಪಠ್ಯದಲ್ಲೇ ಸಾಲು, ಕಾಲಂ ಸಂಖ್ಯೆ ಇರುತ್ತದೆ.

ಸಾಮಾನ್ಯವಾಗಿ ಸಿಗುವ ಕಾರಣಗಳು ಕೆಲವೇ. ಬರಿ ಆಂಪರ್ಸ್ಯಾಂಡ್. ಎನ್‌ಬಿಎಸ್‌ಪಿ ಎಂಟಿಟಿ, ಯಾಕೆಂದರೆ ಎಕ್ಸ್‌ಎಂಎಲ್‌ಗೆ ತಾನಾಗಿ ಗೊತ್ತಿರುವುದು ಐದೇ ಎಂಟಿಟಿ. ಅದರ ಬದಲು 160 ಅನ್ನುವ ಸಂಖ್ಯೆಯ ರೂಪ ಬಳಸಿ. ಇನ್ನು ಎಕ್ಸ್‌ಎಂಎಲ್ ಡಿಕ್ಲರೇಷನ್‌ಗಿಂತ ಮುಂಚೆ ಒಂದು ಖಾಲಿ ಸಾಲು. ಬ್ಯಾಕ್‌ಟಿಕ್ ಒಳಗೆ ಸ್ಟ್ರಿಂಗ್ ಬರೆಯುವಾಗ ಎಂಟರ್ ಒತ್ತಿ ಶುರು ಮಾಡುವ ಅಭ್ಯಾಸದಿಂದ ಇದು ಬರುತ್ತದೆ. ಟ್ರಿಮ್ ಮಾಡಿ. ಎರರ್ ಇಲ್ಲ, ಆದರೂ ಎಕ್ಸ್‌ಪಾತ್‌ನಿಂದ ಏನೂ ಸಿಗುತ್ತಿಲ್ಲ ಅಂದರೆ ಡಿಫಾಲ್ಟ್ ನೇಮ್‌ಸ್ಪೇಸ್ ಇದೆಯಾ ನೋಡಿ. ಕ್ವೆರಿಸೆಲೆಕ್ಟರ್ ಅದನ್ನು ಲೆಕ್ಕಕ್ಕಿಡುವುದಿಲ್ಲ, ಎಕ್ಸ್‌ಪಾತ್ ಇಡುತ್ತದೆ.

ಮರ ಸರಿಯಿದೆ, ಕೈಗೆ ಸಿಗುತ್ತಿಲ್ಲ

ಫಸ್ಟ್‌ಚೈಲ್ಡ್ ಕೇಳಿದರೆ ಹೊಸ ಸಾಲಿನ ಟೆಕ್ಸ್ಟ್ ನೋಡ್ ಬರಬಹುದು. ಅದಕ್ಕೆ ಸೆಟ್‌ಆಟ್ರಿಬ್ಯೂಟ್ ಇಲ್ಲ ಅಂತ ಎರರ್ ಬಂದಿದ್ದರೆ ಫಸ್ಟ್‌ಎಲಿಮೆಂಟ್‌ಚೈಲ್ಡ್ ಬಳಸಿ. ಗೆಟ್‌ಎಲಿಮೆಂಟ್‌ಬೈಐಡಿ ಡಾಕ್ಯುಮೆಂಟ್ ಮೇಲೂ ಫ್ರಾಗ್ಮೆಂಟ್ (ಟೆಂಪ್ಲೇಟ್‌ನ ಕಂಟೆಂಟ್ ಕೊಡುವಂಥ ಬಿಡಿ ಮರ) ಮೇಲೂ ಇದೆ, ಡಿವ್‌ನಂಥ ಎಲಿಮೆಂಟ್ ಮೇಲೆ ಇಲ್ಲ.

ಮೊದಲ ಸಲ ಸೇರಿಸಿದಾಗ ಬಂತು, ಎರಡನೆಯ ಸಲ ಬರಲಿಲ್ಲವಾ? ಫ್ರಾಗ್ಮೆಂಟನ್ನು ಪುಟಕ್ಕೆ ಸೇರಿಸಿದರೆ ಅದರ ಮಕ್ಕಳೆಲ್ಲ ಅಲ್ಲಿಗೆ ಹೋಗಿಬಿಡುತ್ತಾರೆ. ಕೊಬ್ಬರಿ ತೆಗೆದ ತೆಂಗಿನ ಚಿಪ್ಪಿನ ಹಾಗೆ ಫ್ರಾಗ್ಮೆಂಟ್ ಖಾಲಿ ಉಳಿಯುತ್ತದೆ. ಪ್ರತಿ ಸಲ ಇಂಪೋರ್ಟ್‌ನೋಡ್‌ಗೆ ಟ್ರೂ ಕೊಟ್ಟು ಪ್ರತಿ ಮಾಡಿಕೊಂಡು ಸೇರಿಸಿ. ಕ್ಲೋನ್‌ನೋಡ್ ಕೂಡ ನಡೆಯುತ್ತದೆ. ಆದರೆ ಒಳಗೆ ಕಸ್ಟಮ್ ಎಲಿಮೆಂಟ್ ಇದ್ದರೆ ಇಂಪೋರ್ಟ್‌ನೋಡ್ ಒಳ್ಳೆಯದು. ಟೆಂಪ್ಲೇಟ್‌ನ ಒಳಗಿನ ಡಾಕ್ಯುಮೆಂಟ್‌ಗೆ ನಿಮ್ಮ ಕಸ್ಟಮ್ ಎಲಿಮೆಂಟ್‌ಗಳ ಪರಿಚಯವೇ ಇಲ್ಲ. ಕ್ಲೋನ್ ಮಾಡಿದ ಪ್ರತಿಯೂ ಅಲ್ಲೇ ಹುಟ್ಟುವುದರಿಂದ ಪುಟಕ್ಕೆ ಸೇರುವ ತನಕ ನಿಮ್ಮ ಮೆಥಡ್‌ಗಳು ಅದರಲ್ಲಿರುವುದಿಲ್ಲ.

ಎಲ್ಲ ಲಿಂಕ್ ತೆಗೆಯಿರಿ ಅಂದರೆ ಅರ್ಧ ಮಾತ್ರ ಹೋಗುತ್ತಿದ್ದರೆ ಗೆಟ್‌ಎಲಿಮೆಂಟ್ಸ್‌ಬೈಟ್ಯಾಗ್‌ನೇಮ್ ಬಳಸಿದ್ದೀರಿ ಅಂತ ಊಹಿಸಬಹುದು. ಅದು ಕೊಡುವ ಪಟ್ಟಿ ಜೀವಂತ. ನಾಲ್ಕು ಲಿಂಕ್ ಇದ್ದರೆ ಮೊದಲನೆಯದು ತೆಗೆದ ಕೂಡಲೇ ಎರಡನೆಯದು ಸೊನ್ನೆಯ ಜಾಗಕ್ಕೆ ಬರುತ್ತದೆ, ನಿಮ್ಮ ಲೂಪ್ ಒಂದಕ್ಕೆ ಹೋಗಿರುತ್ತದೆ. ಒಂದನೆಯದು, ಮೂರನೆಯದು ಹೋಗಿ ಉಳಿದೆರಡು ಹಾಗೇ ಇರುತ್ತವೆ. ಕ್ವೆರಿಸೆಲೆಕ್ಟರ್‌ಆಲ್ ಕೊಡುವ ಪಟ್ಟಿ ಹೀಗೆ ಜರುಗುವುದಿಲ್ಲ.

ಬದಲಿಸಿದ್ದು ಔಟ್‌ಪುಟ್‌ನಲ್ಲಿಲ್ಲ

ಇನ್‌ಪುಟ್‌ನ ವ್ಯಾಲ್ಯೂ ಬದಲಿಸಿ ಔಟರ್‌ಎಚ್‌ಟಿಎಂಎಲ್ ತೆಗೆದರೆ ಹಳೆಯದೇ ಬರುತ್ತದೆ. ಪ್ರಾಪರ್ಟಿ ಬೇರೆ, ಆಟ್ರಿಬ್ಯೂಟ್ ಬೇರೆ. ಸ್ಟ್ರಿಂಗ್ ಆಗಿ ವಾಪಸ್ ಬೇಕಿದ್ದರೆ ಸೆಟ್‌ಆಟ್ರಿಬ್ಯೂಟ್ ಮಾಡಿ. ಚೆಕ್ಡ್, ಸೆಲೆಕ್ಟೆಡ್ ಎರಡಕ್ಕೂ ಇದೇ ಮಾತು. ಔಟ್‌ಪುಟ್‌ನಲ್ಲಿ ಎಲ್ಲಿಂದಲೋ ಎಕ್ಸ್‌ಎಂಎಲ್‌ಎನ್‌ಎಸ್ ಬಂದು ಸೇರಿದ್ದರೆ ಎಚ್‌ಟಿಎಂಎಲ್ ಮರವನ್ನು ಎಕ್ಸ್‌ಎಂಎಲ್‌ಸೀರಿಯಲೈಸರ್‌ಗೆ ಕೊಟ್ಟಿದ್ದೀರಿ. ಅಲ್ಲಿ ಔಟರ್‌ಎಚ್‌ಟಿಎಂಎಲ್ ಸಾಕು.

ಇನ್ನರ್‌ಎಚ್‌ಟಿಎಂಎಲ್‌ಗೆ ಕೂಡಿಸು-ಸಮ ಚಿಹ್ನೆ ಹಾಕಿ ಸೇರಿಸುವುದನ್ನು ನಾನು ಕಂಡಲ್ಲಿ ತೆಗೆಸುತ್ತೇನೆ. ಅದು ಇದ್ದದ್ದನ್ನೆಲ್ಲ ಸ್ಟ್ರಿಂಗ್ ಮಾಡಿ, ಹೊಸದನ್ನು ಅಂಟಿಸಿ, ಎಲ್ಲವನ್ನೂ ಹೊಸದಾಗಿ ಕಟ್ಟುತ್ತದೆ. ಹಳೆಯ ನೋಡ್‌ಗಳ ಜೊತೆ ಅವುಗಳ ಕ್ಲಿಕ್ ಲಿಸನರ್‌ಗಳೂ ಬಳಕೆದಾರ ಟೈಪ್ ಮಾಡಿದ್ದೂ ಹೋಗುತ್ತವೆ. 'ಬಟನ್ ಒಮ್ಮೆ ಕೆಲಸ ಮಾಡುತ್ತೆ, ಆಮೇಲೆ ಇಲ್ಲ' ಅನ್ನುವ ದೂರು ಬಂದರೆ ಮೊದಲು ಇದನ್ನು ಹುಡುಕಿ. ಇನ್ಸರ್ಟ್‌ಅಡ್ಜೇಸೆಂಟ್‌ಎಚ್‌ಟಿಎಂಎಲ್ ಇದ್ದದ್ದನ್ನು ಮುಟ್ಟುವುದಿಲ್ಲ.

ಸ್ಕ್ರಿಪ್ಟ್ ಓಡಲಿಲ್ಲ, ಅಥವಾ ಓಡಬಾರದ್ದು ಓಡಿತು

ಇನ್ನರ್‌ಎಚ್‌ಟಿಎಂಎಲ್‌ನಿಂದಲೋ ಡಾಮ್‌ಪಾರ್ಸರ್‌ನಿಂದಲೋ ಬಂದ ಸ್ಕ್ರಿಪ್ಟ್ ಟ್ಯಾಗನ್ನು ಪುಟಕ್ಕೆ ಸೇರಿಸಿದರೂ ಓಡುವುದಿಲ್ಲ. ಇದು ನಿಯಮ, ದೋಷವಲ್ಲ. ಓಡಲೇಬೇಕಿದ್ದರೆ ಹೊಸ ಸ್ಕ್ರಿಪ್ಟ್ ಎಲಿಮೆಂಟ್ ಮಾಡಿ, ಆಟ್ರಿಬ್ಯೂಟ್ ಮತ್ತು ಪಠ್ಯ ನಕಲು ಮಾಡಿ ಸೇರಿಸಿ. ರೇಂಜ್‌ನ ಕ್ರಿಯೇಟ್‌ಕಾಂಟೆಕ್ಸ್ಚುವಲ್‌ಫ್ರಾಗ್ಮೆಂಟ್ ಮಾತ್ರ ಬೇರೆ. ಅದರಿಂದ ಬಂದ ಸ್ಕ್ರಿಪ್ಟ್ ಪುಟಕ್ಕೆ ಸೇರಿದಾಗ ಓಡುತ್ತದೆ.

ಹಾಗಂತ ಇನ್ನರ್‌ಎಚ್‌ಟಿಎಂಎಲ್ ಸುರಕ್ಷಿತ ಅಂದುಕೊಳ್ಳಬೇಡಿ. ಇಮೇಜ್ ಟ್ಯಾಗ್‌ಗೆ ಆನ್‌ಎರರ್ ಇಟ್ಟು ಕೊಟ್ಟರೆ, ಡಿವ್ ಪುಟಕ್ಕೆ ಸೇರದೆ ಹೊರಗೇ ಇದ್ದರೂ ಬ್ರೌಸರ್ ಚಿತ್ರ ತರಲು ಹೋಗುತ್ತದೆ. ಸಿಗದಿದ್ದರೆ ಆ ಕೋಡ್ ಓಡುತ್ತದೆ. ಟೆಂಪ್ಲೇಟ್‌ನಲ್ಲೂ ಡಾಮ್‌ಪಾರ್ಸರ್‌ನಲ್ಲೂ ಹೀಗಾಗುವುದಿಲ್ಲ, ಆದರೆ ಅಲ್ಲಿಂದ ಎತ್ತಿ ಪುಟಕ್ಕೆ ಹಾಕಿದ ಮೇಲೆ ಅಪಾಯ ಅಷ್ಟೇ ಇರುತ್ತದೆ. ಹೊರಗಿನಿಂದ ಬಂದ ಸ್ಟ್ರಿಂಗ್ ಆದರೆ ಡಾಮ್‌ಪ್ಯೂರಿಫೈನಂಥ ಲೈಬ್ರರಿಯಿಂದ ತೊಳೆದು ಬಳಸಿ. ರೆಗೆಕ್ಸ್‌ನಿಂದ ಸ್ಕ್ರಿಪ್ಟ್ ಟ್ಯಾಗ್ ಕಿತ್ತರೆ ಆನ್‌ಎರರ್ ಹಾಗೇ ಉಳಿಯುತ್ತದೆ.

ಇನ್ನರ್‌ಎಚ್‌ಟಿಎಂಎಲ್ ಸಾಲಿನಲ್ಲೇ ಟೈಪ್‌ಎರರ್ ಬಂದು, ಅದರಲ್ಲಿ ಟ್ರಸ್ಟೆಡ್‌ಎಚ್‌ಟಿಎಂಎಲ್ ಅನ್ನುವ ಮಾತಿದ್ದರೆ ಆ ಸೈಟ್‌ನ ಸಿಎಸ್‌ಪಿ (ಪುಟದಲ್ಲಿ ಏನು ನಡೆಯಬಹುದು ಅಂತ ಹೇಳುವ ಭದ್ರತಾ ನಿಯಮ) ಹೆಡರ್ ಬರಿ ಸ್ಟ್ರಿಂಗನ್ನು ತಡೆಯುತ್ತಿದೆ. ಹೆಡರ್ ತೆಗೆಯಲು ಹೋಗಬೇಡಿ, ಒಂದು ಪಾಲಿಸಿ ಬರೆದು ಅದರ ಮೂಲಕ ಕಳಿಸಿ.

ಬೇರೆ ಡಾಕ್ಯುಮೆಂಟ್‌ನ ತಕರಾರುಗಳು

ಡಾಮ್‌ಪಾರ್ಸರ್ ಕೊಟ್ಟ ಡಾಕ್ಯುಮೆಂಟ್‌ಗೆ ನಿಮ್ಮ ಪುಟದ ವಿಳಾಸವೇ ಇರುತ್ತದೆ. ಬೇರೆ ಕಡೆಯಿಂದ ತಂದ ಪುಟದ ಸಾಪೇಕ್ಷ ಲಿಂಕ್‌ಗೆ ಎಚ್‌ರೆಫ್ ಪ್ರಾಪರ್ಟಿ ಕೇಳಿದರೆ ನಿಮ್ಮ ಸೈಟ್‌ನ ವಿಳಾಸ ಅಂಟಿಕೊಂಡು ಬರುತ್ತದೆ. ಗೆಟ್‌ಆಟ್ರಿಬ್ಯೂಟ್‌ನಿಂದ ಮೂಲ ಪಠ್ಯ ತೆಗೆದು, ಮೂಲ ಪುಟದ ವಿಳಾಸದ ಜೊತೆ ಯುಆರ್‌ಎಲ್ ಕನ್‌ಸ್ಟ್ರಕ್ಟರ್‌ಗೆ ಕೊಡಿ.

ಆ ಡಾಕ್ಯುಮೆಂಟ್ ತೆರೆಯ ಮೇಲೆ ಮೂಡಿರುವುದಿಲ್ಲ. ಅಗಲ, ಎತ್ತರ ಕೇಳಿದರೆ ಸೊನ್ನೆ. ಇನ್ನರ್‌ಟೆಕ್ಸ್ಟ್ ಕೂಡ ಟೆಕ್ಸ್ಟ್‌ಕಂಟೆಂಟ್ ಥರವೇ ಬರುತ್ತದೆ, ಬಿಆರ್ ಇದ್ದಲ್ಲಿ ಸಾಲು ಮುರಿಯುವುದಿಲ್ಲ. ಅಲ್ಲಿ ಸ್ಕ್ರಿಪ್ಟಿಂಗ್ ಕೂಡ ಇಲ್ಲ. ಅದರಿಂದ ನೋಸ್ಕ್ರಿಪ್ಟ್ ಒಳಗಿನ ಇಮೇಜ್ ನಿಜವಾದ ಎಲಿಮೆಂಟ್ ಆಗಿ ಸಿಗುತ್ತದೆ. ಅದೇ ಪುಟದ ಡಿವ್‌ನ ಇನ್ನರ್‌ಎಚ್‌ಟಿಎಂಎಲ್‌ಗೆ ಕೊಟ್ಟರೆ ಅದು ಬರಿ ಪಠ್ಯ. ಚಿತ್ರಗಳ ಲೆಕ್ಕ ಎರಡು ಕಡೆ ಬೇರೆ ಬೇರೆ ಬಂದರೆ ಇದೇ ಕಾರಣ ಇರಬಹುದು.

ವೆಬ್ ವರ್ಕರ್‌ನಲ್ಲೂ ಸರ್ವಿಸ್ ವರ್ಕರ್‌ನಲ್ಲೂ ಡಾಮ್‌ಪಾರ್ಸರ್ ಇಲ್ಲ. ಸರ್ವರ್‌ನಲ್ಲಿ ಜಾವಾಸ್ಕ್ರಿಪ್ಟ್ ಓಡಿಸುವ ನೋಡ್ ಜೆಎಸ್‌ನಲ್ಲೂ ತಾನಾಗಿ ಇಲ್ಲ. 'ಡಿಫೈನ್ ಆಗಿಲ್ಲ' ಅನ್ನುವ ಎರರ್ ಬಂದರೆ ಕೋಡ್ ಎಲ್ಲಿ ಓಡುತ್ತಿದೆ ಅಂತ ನೋಡಿ. ಕ್ರೋಮ್ ಎಕ್ಸ್‌ಟೆನ್ಷನ್ ಆದರೆ ಆಫ್‌ಸ್ಕ್ರೀನ್ ಡಾಕ್ಯುಮೆಂಟ್‌ಗೆ ಸ್ಟ್ರಿಂಗ್ ಕಳಿಸಿ ಅಲ್ಲಿ ಪಾರ್ಸ್ ಮಾಡಿಸಿ. ಸರ್ವರ್ ಆದರೆ ಜೆಎಸ್‌ಡಾಮ್ ಲೈಬ್ರರಿ ಹಾಕಿಕೊಳ್ಳಿ. ಬರಿ ಮರ ಸಾಕು, ಬ್ರೌಸರ್‌ನಂಥ ಆಬ್ಜೆಕ್ಟ್ ಬೇಡ ಅಂದರೆ ಪಾರ್ಸ್5 ಹಗುರ. ಎರಡೂ ಸ್ಟ್ಯಾಂಡರ್ಡ್‌ನ ನಿಯಮದಂತೆಯೇ ಓದುತ್ತವೆ, ಹಾಗಾಗಿ ಮೇಲಿನ ಟಿಆರ್ ಸ್ಟ್ರಿಂಗನ್ನು ತಪ್ಪು ಕಡೆ ಕೊಟ್ಟರೆ ಅಲ್ಲಿಯೂ 'ಪೆನ್ಸಿಲ್12' ಬರುತ್ತದೆ. ಟೆಸ್ಟ್ ಬರೆಯುವುದಾದರೆ ಆ ಒಂದು ಸ್ಟ್ರಿಂಗನ್ನೂ, ಸ್ಟೈಲ್ ಮುಂದಿರುವ ಒಂದು ತುಣುಕನ್ನೂ ಸೇರಿಸಿ.